ಗ್ರಾಹಕರ ಪರ ಕಚೇರಿಯ ಲೆಕ್ಕವನ್ನು ಕೊಪ್ಪದಲ್ಲಿ ಕೇಳಿ

ಮಲೆನಾಡಿನಲ್ಲಿ ಪುಷ್ಯ ಮಳೆ ಹಿಡಿದರೆ ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಕಾಡಿನೊಳಗೆ ಹಾದುಹೋದ ತಂತಿಯ ಮೇಲೆ ಮರ ಬೀಳುತ್ತದೆ, ಲೈನ್‌ಮ್ಯಾನ್ ಆ ಮಳೆಯಲ್ಲೇ ಕಂಬ ಹತ್ತುತ್ತಾನೆ. ಅವನ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಬೆಂಗಳೂರಿನಲ್ಲಿ ನಮ್ಮ ಪರವಾಗಿ ಕೂತಿರುವ ವ್ಯವಸ್ಥೆಯ ಬಗ್ಗೆ.

ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹುಟ್ಟಿದ್ದು 1999ರ ಸುಧಾರಣಾ ಕಾಯ್ದೆಯಿಂದ. ಗ್ರಾಹಕರ ಹಿತ ನೋಡಲು ಅದರೊಳಗೆ ‘ಕನ್ಸ್ಯೂಮರ್ ಅಡ್ವೊಕಸಿ’ ಕಚೇರಿಯೂ ಇದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 94(3)ನೇ ಕಲಂ ಪ್ರಕಾರ, ವಿಚಾರಣೆಯಲ್ಲಿ ಗ್ರಾಹಕರ ಪರ ವಾದಿಸಲು ಆಯೋಗ ಯಾರನ್ನಾದರೂ ನಿಯೋಜಿಸಬಹುದು. ನಿಯೋಜಿಸಬೇಕು ಅಂತಲ್ಲ, ‘ಬಹುದು’. ನಮ್ಮ ಕಾಯ್ದೆಗಳ ಕರುಣೆಯೆಲ್ಲ ಈ ‘ಬಹುದು’ವಿನಲ್ಲೇ ಮುಗಿಯುತ್ತದೆ.

ಅದೇ ಕಾಯ್ದೆಯ 104ನೇ ಕಲಂ ಪ್ರಕಾರ ಆಯೋಗದ ಲೆಕ್ಕವನ್ನು ಸಿಎಜಿ ಪರಿಶೋಧಿಸುತ್ತದೆ. ಒಳ್ಳೆಯದೇ. ಆದರೆ ಗ್ರಾಹಕರ ಸಭೆಯ ಊಟದ ಬಿಲ್ಲು ಸರಿಯಿದ್ದ ಮಾತ್ರಕ್ಕೆ ಆ ಸಭೆಗೆ ಕೊಪ್ಪದಿಂದ ಯಾರಾದರೂ ಬಂದಿದ್ದರೇ ಎಂದು ತಿಳಿಯುವುದಿಲ್ಲ. ಮಾತಾಡುವುದೇ ಕೆಲಸವಾದ ಕಚೇರಿಯನ್ನು ಬರೀ ವೋಚರಿನಿಂದ ಅಳೆಯುವುದು ಯಾವ ಸೀಮೆಯ ಲೆಕ್ಕ?

ಮೆಸ್ಕಾಂ ದರ ಏರಿಕೆಯ ಸಾರ್ವಜನಿಕ ವಿಚಾರಣೆ ಸಾಮಾನ್ಯವಾಗಿ ಮಂಗಳೂರಿನಲ್ಲಿ. ಶೃಂಗೇರಿಯ ಸಣ್ಣ ಬೆಳೆಗಾರ ಕೆಲಸ ಬಿಟ್ಟು ಘಟ್ಟ ಇಳಿದು ಹೋಗಬೇಕು. ಹೋಗುವ ಮುಂಚೆ ನೂರಾರು ಪುಟಗಳ ಅಂಕಿಅಂಶ ಓದಿ, ಕಂಪನಿ ಹೇಳುವ ಸೋರಿಕೆಯ ಪ್ರಮಾಣ ಸರಿಯೇ ಎಂದು ಪ್ರಶ್ನಿಸಬೇಕು. ಆಕ್ಷೇಪಣೆಯನ್ನು ಅಂಚೆಯಲ್ಲಿ ಕಳಿಸಬಹುದಲ್ಲ ಎನ್ನುವವರಿದ್ದಾರೆ. ಏನೆಂದು ಬರೆದು ಕಳಿಸಬೇಕು? ಅದನ್ನು ಹೇಳಿಕೊಡಲೆಂದೇ ಅಲ್ಲವೇ ಆ ಕಚೇರಿ ಇರುವುದು? ಇನ್ನು ಕುಂದುಕೊರತೆ ವೇದಿಕೆಗೆ ಹೋಗೋಣವೆಂದರೆ, 2020ರ ಗ್ರಾಹಕ ಹಕ್ಕುಗಳ ನಿಯಮದಂತೆ ಅದರ ಅಧ್ಯಕ್ಷರು ಕಂಪನಿಯ ಅಧಿಕಾರಿಯೇ. ಅತ್ತೆಯ ಮೇಲಿನ ದೂರನ್ನು ಅತ್ತೆಗೇ ಕೊಟ್ಟ ಹಾಗೆ.

ನರಸಿಂಹರಾಜಪುರದ ಕಡೆಯವರು ಭದ್ರಾ ಜಲಾಶಯಕ್ಕೆ ಗದ್ದೆ, ಮನೆ ಬಿಟ್ಟುಕೊಟ್ಟವರು. ಆ ಅಣೆಕಟ್ಟಿನಲ್ಲಿ ವಿದ್ಯುತ್ತೂ ಹುಟ್ಟುತ್ತದೆ. ಕೊಟ್ಟವರನ್ನು ಕಾಯ್ದೆ ಈಗ ‘ಗ್ರಾಹಕ’ ಎನ್ನುತ್ತದೆ, ಅಂದರೆ ತೆಗೆದುಕೊಳ್ಳುವವನು!

ಪರಿಶೋಧನೆ ಮಾಡುವುದಾದರೆ ಸೆಕ್ಷನ್ ಆಫೀಸಿನ ದೂರಿನ ಪುಸ್ತಕದಿಂದ ಶುರುಮಾಡಿ. ಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟರೆ 72 ಗಂಟೆಯೊಳಗೆ ಬದಲಿಸಬೇಕೆಂಬುದು ಆಯೋಗದ್ದೇ ಮಾನದಂಡ. ತಪ್ಪಿದರೆ ಪರಿಹಾರ ಕೊಡಬೇಕೆಂದು 57ನೇ ಕಲಂ ಹೇಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ಕಡೆ ಆ ಅವಧಿ ಮೀರಿತು, ಎಷ್ಟು ಮನೆಗೆ ಪರಿಹಾರ ಸಿಕ್ಕಿತು, ಆ ಅಂಕಿ ಹಿಡಿದು ಗ್ರಾಹಕರ ಪರ ಕಚೇರಿ ದರ ವಿಚಾರಣೆಯಲ್ಲಿ ಒಂದಾದರೂ ಪ್ರಶ್ನೆ ಎತ್ತಿತೇ? ಈ ಮೂರಕ್ಕೆ ಉತ್ತರ ಬರೆದ ವರದಿಯನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಪ್ಪದ ಸಂತೆಯ ದಿನ ಹಂಚಲಿ. ಮುಂದಿನ ವಿಚಾರಣೆಯನ್ನು ಅಲ್ಲೇ, ತಾಲ್ಲೂಕು ಕಚೇರಿಯ ಸಭಾಂಗಣದಲ್ಲಿ ಇಡಲಿ. ಮಳೆಗಾಲದಲ್ಲೇ ಇಟ್ಟರೆ ಇನ್ನೂ ಒಳ್ಳೆಯದು, ಮೈಕು ನಡುವೆ ನಿಂತುಹೋದರೂ ಅದನ್ನೂ ನಡಾವಳಿಯಲ್ಲಿ ಬರೆದುಕೊಳ್ಳಬಹುದು.