ವಹಿವಾಟೇ ವರಮಾನವಲ್ಲ ಸ್ವಾಮಿ

2025ರ ಜುಲೈ 23ರ ಬುಧವಾರ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಕ್ಯೂಆರ್ ಕೋಡ್ ಮೂಲಕ ಬಂದ ಹಣ ನೋಡಿ ಸಣ್ಣ ವ್ಯಾಪಾರಿಗಳಿಗೆ ಕಳಿಸಿದ್ದ ಜಿಎಸ್‌ಟಿ ನೋಟಿಸುಗಳ ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ವ್ಯಾಪಾರಿಗಳು ಕರೆದಿದ್ದ ಜುಲೈ 25ರ ಬಂದ್ ಠುಸ್ ಆಯಿತು. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ಕ್ಯೂಆರ್ ಕೋಡ್ ಕಿತ್ತು ಅಂಟಿಸಿದ್ದ 'ನಗದು ಮಾತ್ರ' ಚೀಟಿಗಳೂ ಇನ್ನು ಇಳಿಯಬಹುದು ಎನಿಸಿತು. ಆದರೆ ಜಿಎಸ್‌ಟಿ, ಆದಾಯ ತೆರಿಗೆ ಎರಡನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದ ಟಿವಿ ಚರ್ಚೆಗಳ ಕಾಟ ಮಾತ್ರ ನಿಲ್ಲಲಿಲ್ಲ.

ಹಾವೇರಿಯ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿಗೆ 29 ಲಕ್ಷದ ನೋಟಿಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ಅಂಗಡಿಯವರಿಗೆ ಸಂಘವಿದೆ, ಬೀದಿಗಿಳಿದರು. ಮನೆಯಲ್ಲೇ ಕೂತು ಮೀಶೋ, ಫ್ಲಿಪ್‌ಕಾರ್ಟ್‌ನಲ್ಲಿ ಮಾರುವವರ ಮಾತನ್ನು ಎತ್ತಿದವರು ಯಾರು? ಬೆಂಗಳೂರಿನ ಜರಗನಹಳ್ಳಿಯಲ್ಲಿ ಕುರ್ತಾ ಮಾರುವ ಗೃಹಿಣಿಯೊಬ್ಬರಿದ್ದಾರೆ ಎಂದುಕೊಳ್ಳಿ. 2024-25ರಲ್ಲಿ ಅವರ ಮಾರಾಟ 18 ಲಕ್ಷ, ಆರಾರು ತಿಂಗಳಿಗೆ ಒಂಬತ್ತೊಂಬತ್ತು ಲಕ್ಷ. ದುಡ್ಡೆಲ್ಲ ಬ್ಯಾಂಕ್ ಮೂಲಕವೇ ಬಂದಿದ್ದರೆ ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ ಪ್ರಕಾರ ಶೇ 6ರಷ್ಟು, ಅಂದರೆ 1.08 ಲಕ್ಷವನ್ನು ಲಾಭವೆಂದು ತೋರಿಸಬಹುದು. (ನಿಜವಾದ ಲಾಭ ಹೆಚ್ಚಿದ್ದರೆ ಹೆಚ್ಚು ತೋರಿಸಬೇಕು, ಅದು ಅವರ ಆತ್ಮಸಾಕ್ಷಿಗೆ ಬಿಟ್ಟದ್ದು.) ಬೇರೆ ಆದಾಯವಿಲ್ಲದಿದ್ದರೆ ತೆರಿಗೆ ಸೊನ್ನೆ.

ಸೊನ್ನೆಯಾದರೂ ಕಡಿತ ತಪ್ಪುವುದಿಲ್ಲ. ಅದೇ ಕಾಯ್ದೆಯ 194-ಓ ಪ್ರಕಾರ ಮೀಶೋ, ಫ್ಲಿಪ್‌ಕಾರ್ಟ್‌ನಂಥ ಕಂಪನಿ ಮಾರಾಟದ ಪೂರ್ತಿ ಮೊತ್ತದ ಮೇಲೆ ಮೂಲದಲ್ಲೇ ತೆರಿಗೆ (ಟಿಡಿಎಸ್) ಹಿಡಿಯುತ್ತದೆ, ಅದರಲ್ಲಿ ಕಂಪನಿಯ ಕಮಿಷನ್ ಸಹ ಸೇರಿರುತ್ತದೆ. ಸೆಪ್ಟೆಂಬರ್ 2024ರವರೆಗೆ ಶೇ 1, ಅಕ್ಟೋಬರ್‌ನಿಂದ ಶೇ 0.1. ಒಟ್ಟು 9,900 ರೂಪಾಯಿ ಕಡಿತ. ವರ್ಷಕ್ಕೆ ಐದು ಲಕ್ಷದೊಳಗೆ ಮಾರಿ ಪಾನ್ ಅಥವಾ ಆಧಾರ್ ಕೊಟ್ಟವರಿಗಷ್ಟೇ ವಿನಾಯಿತಿ. ರಿಟರ್ನ್ಸ್ ಸಲ್ಲಿಸದಿದ್ದರೆ ಆ ಹಣ ಸರ್ಕಾರದ ಬಳಿಯೇ ಉಳಿಯುತ್ತದೆ.

ಇನ್ನು ಗಡಿಯ ತಮಾಷೆ. ಜರಗನಹಳ್ಳಿಯಿಂದ ಬಳ್ಳಾರಿಗೆ ಕುರ್ತಾ ಕಳಿಸಿದರೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ, ಗುರುತಿನ ಸಂಖ್ಯೆ ಪಡೆದರೆ ಸಾಕು. ಈ ಸೌಲಭ್ಯ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದೇ ಕುರ್ತಾ ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರಿಗೆ ಹೋದರೆ ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಬಳ್ಳಾರಿ ಹತ್ತಿರವೋ ಹೊಸೂರು ಹತ್ತಿರವೋ, ಭೂಪಟ ಬಲ್ಲವರು ಹೇಳಲಿ.

ಹನಿಗವನಕ್ಕೆ ಹೆಸರಾದ ಜರಗನಹಳ್ಳಿ ಶಿವಶಂಕರ್ ಹೆಸರಲ್ಲೇ ಈ ಊರಿತ್ತು. ನಾಲ್ಕು ಸಾಲಿನಲ್ಲಿ ಹೇಳುವ ಆ ಕಲೆ ತೆರಿಗೆ ಇಲಾಖೆಗಳಿಗೆ ಒಲಿದಿಲ್ಲ. ಮೇಲೆ ಹೇಳಿದ್ದಷ್ಟನ್ನೂ ಒಂದೇ ಪುಟದಲ್ಲಿ, ತಿಳಿಯುವ ಕನ್ನಡದಲ್ಲಿ ಅಚ್ಚುಹಾಕಿ ಹಂಚಲು ಎಷ್ಟು ಖರ್ಚಾದೀತು? ಸಾವಿರಾರು ನೋಟಿಸುಗಳ ಅಂಚೆ ವೆಚ್ಚಕ್ಕಿಂತ ಕಡಿಮೆಯೇ.

ಗಡುವು ಮೀರುವ ಮೊದಲೇ ರಿಟರ್ನ್ಸ್ ಸಲ್ಲಿಸಿ. ಐಟಿಆರ್-4 ತುಂಬಿ ನಿಮ್ಮ ಟಿಡಿಎಸ್ ಕೇಳಿ ಇಸಿದುಕೊಳ್ಳಿ. ಕೇಳದೆಯೇ ಮನೆಗೆ ಬರುವುದು ನೋಟಿಸು ಮಾತ್ರ.