ಇಡಿಯ ದೋಣಿಯ ಬಾಡಿಗೆ

ಹುಮನಾಬಾದಿನ ಗೃಹಸ್ಥರೊಬ್ಬರು ನಮಗೆ ಕಾಗದ ಬರೆದು, ಮಕ್ಕಳ ರಜೆಯಲ್ಲಿ ಕುಟುಂಬಸಮೇತರಾಗಿ ಉಡುಪಿಯ ಕಡೆಗೆ ಹೊರಡುವ ಸಂಕಲ್ಪ ಮಾಡಿರುವುದಾಗಿಯೂ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಎಲ್ಲರಂತೆ ಟಿಕೆಟ್ಟು ಕೊಂಡು ಹೋಗುವುದು ಲೇಸೋ, ಇಡಿಯ ದೋಣಿಯನ್ನೇ ತಮ್ಮ ಮನೆಯವರಿಗಾಗಿ ಬಾಡಿಗೆಗೆ ಹಿಡಿಯುವುದು ಲೇಸೋ ತಿಳಿಸಬೇಕೆಂದೂ ಕೇಳಿದ್ದಾರೆ. “ದುಡ್ಡಿನ ಮಾತು ಹಾಗಿರಲಿ, ಮರ್ಯಾದೆಯಿಂದ ಹೋಗಿ ಬರಬೇಕು” ಎಂಬುದೊಂದು ವಾಕ್ಯ ಆ ಕಾಗದದಲ್ಲಿದೆ. ಈ ತಿಂಗಳು ನಮ್ಮ ಲೇಖನಿಯನ್ನು ಎತ್ತಿಸಿದ್ದು ಆ ವಾಕ್ಯವೇ. ಎರಡು ವರ್ಷಗಳ ಹಿಂದೆ ಅದೇ ಮರ್ಯಾದೆಯ ಹೆಸರಿನಲ್ಲಿ ನಾವು ಎಂಥ ಅವಿವೇಕಕ್ಕೆ ಕೈಹಾಕಿದ್ದೆವೆಂಬುದನ್ನು ಇದುವರೆಗೆ ನಮ್ಮ ಮನೆಯವರ ಹೊರತು ಬೇರಾರೂ ಅರಿಯರು.

ನಮ್ಮ ಬಸವಕಲ್ಯಾಣ ಹುಮನಾಬಾದುಗಳ ಜನಕ್ಕೆ ಕಡಲೆಂಬುದು ಪುಸ್ತಕದ ಮಾತು. ನಾವು ಕಂಡ ದೊಡ್ಡ ನೀರೆಂದರೆ ತ್ರಿಪುರಾಂತದ ಕೆರೆ. ಅದಕ್ಕೂ ದೊಡ್ಡದೆಂದರೆ ಕಾರಂಜಾ ಜಲಾಶಯ. ಮಲ್ಪೆಯು ಇಲ್ಲಿಂದ ಆರುನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಆದರೂ ನಮ್ಮ ಊರಿಗೂ ಜಲವಿಹಾರಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಇದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳನ್ನು ಎಣಿಸುವಾಗ ತೋಯಕ್ರೀಡೆಗೆ, ಅಂದರೆ ನೀರಿನ ಆಟಕ್ಕೆ, ಒಂದು ಸ್ಥಾನವನ್ನು ಕೊಟ್ಟಿದ್ದಾನೆ, ಮರಳಿನಲ್ಲಿ ಆಡುವ ವಾಲುಕಾಕ್ರೀಡೆಯನ್ನೂ ಬಿಟ್ಟಿಲ್ಲ. ಅರಸನ ವಿನೋದವು ಈಗ ಗೃಹಸ್ಥನಿಗೂ ಎಟುಕಿತೆಂದು ಸಂತೋಷಪಡಬೇಕಾದದ್ದೇ.

ಇಡಿಯ ದೋಣಿ ಹಿಡಿಯುವುದರಲ್ಲಿ ತಪ್ಪಿಲ್ಲವೆಂದು ಮೊದಲೇ ಹೇಳಿಬಿಡುತ್ತೇವೆ. ದೊಡ್ಡ ದೋಣಿಯಾದರೆ ಜನ ತುಂಬುವವರೆಗೆ ಬಿಸಿಲಲ್ಲಿ ಕಾಯಬೇಕು. ವಯಸ್ಸಾದವರಿಗೆ ಹತ್ತಿ ಇಳಿಯಲು ಸಾವಕಾಶ ಬೇಕು. ಕೈಗೂಸಿನ ತಾಯಿಗೆ ಮರೆ ಬೇಕು. ಇವೆಲ್ಲ ನ್ಯಾಯವಾದ ಕಾರಣಗಳೇ. ನಾವೂ ಇವನ್ನೇ ಎಣಿಸಿ, ಒಂಬತ್ತು ಜನರ ಟಿಕೆಟ್ಟಿಗೆ ಆಗುವುದರ ಸುಮಾರು ಮೂರರಷ್ಟು ಹಣಕ್ಕೆ ಒಂದು ಚಿಕ್ಕ ಯಂತ್ರದೋಣಿಯನ್ನು ಗೊತ್ತುಮಾಡಿದೆವು. ನಾವಿಬ್ಬರು, ಮಗ ಸೊಸೆ, ಮಗಳು ಅಳಿಯಂದಿರು, ಮೂವರು ಮೊಮ್ಮಕ್ಕಳು. ಡಿಸೆಂಬರ್ ತಿಂಗಳು, ಬೆಳಗಿನ ಒಂಬತ್ತು ಗಂಟೆ, ಕಡಲು ತಟ್ಟೆಯಲ್ಲಿಟ್ಟ ನೀರಿನಂತೆ ಸುಮ್ಮನಿತ್ತು.

ಹೀಗಿರಲು ಹುಮನಾಬಾದಿನ ನಮ್ಮ ಬೀಗರು ತಮ್ಮ ಪರಿವಾರದೊಡನೆ ಅದೇ ದಿನ ಉಡುಪಿಗೆ ಬಂದವರು, ಅಳಿಯಂದಿರ ಫೋನಿನಿಂದ ಸಮಾಚಾರ ತಿಳಿದು, ಏಳು ಜನ ನೇರವಾಗಿ ನಮ್ಮ ದೋಣಿಯ ಬಳಿಗೇ ದಯಮಾಡಿಸಿದರು. “ಎಲ್ಲಾರೂ ಕೂಡೇ ಹೋಗೂಣ್ರಿ ಮಾಸ್ತರ, ಹೆಂಗೂ ದೋಣಿ ಪೂರಾ ನಿಮ್ಮದೇ ಅದಲ್ಲ” ಎಂದರು. ಕನ್ಯೆಯನ್ನು ಕೊಟ್ಟ ಕಡೆಯವರಾದ ನಾವು ಬೀಗರಿಗೆ ಇಲ್ಲವೆನ್ನುವುದುಂಟೆ? ಹತ್ತಿರಿ ಹತ್ತಿರಿ ಎಂದು ಮೊದಲು ಅಂದವರು ನಾವೇ.

ದೋಣಿಯನ್ನು ನಡೆಸುವವನು, ಅಲ್ಲಿಯ ಮಾತಿನಲ್ಲಿ ತಾಂಡೇಲ, ಮೂವತ್ತು ದಾಟದ ತರುಣ. ಅವನು ಹಗ್ಗವನ್ನು ಬಿಚ್ಚದೆ, ಈ ದೋಣಿಗೆ ಹನ್ನೆರಡೇ ಜನ ಎಂದನು. ನಾವು ಅವನಿಗೆ ಲೆಕ್ಕ ಹೇಳತೊಡಗಿದೆವು. ಮಕ್ಕಳು ಮೂವರು, ಅವರು ಲೆಕ್ಕಕ್ಕೆ ಬಾರರು, ತೊಡೆಯ ಮೇಲೆ ಕೂಡುವರು. ಬೀಗರ ತಾಯಿ ಹಣ್ಣುಮುದುಕಿ, ಅವರ ಭಾರವಾದರೂ ಎಷ್ಟು? ಮೂವತ್ತು ವರ್ಷ ಮಕ್ಕಳ ಲೆಕ್ಕ ತಪ್ಪಿದಾಗ ಕಿವಿ ಹಿಂಡಿದವರು ಹದಿನಾರನ್ನು ಹನ್ನೆರಡು ಮಾಡುತ್ತ ನಿಂತಿದ್ದೆವು. ಕಡೆಗೆ, ಇಡೀ ದೋಣಿಗೆ ಹಣ ಕೊಟ್ಟ ಮೇಲೆ ಎಷ್ಟು ಜನ ಕೂಡಬೇಕೆಂಬುದು ನಮ್ಮ ಇಚ್ಛೆಯಲ್ಲವೇ ಎಂದೂ ಗದರಿದೆವು. ಅವನು ಸಿಟ್ಟಾಗಲಿಲ್ಲ. “ಜಾಕೆಟ್ ಹನ್ನೆರಡೇ ಉಂಟು, ನೀವು ಹದಿನಾರು ಜನ. ಯಾವ ನಾಲ್ಕು ಜನಕ್ಕೆ ಬೇಡ, ನೀವೇ ಹೇಳಿ ಮಾಸ್ಟ್ರೇ” ಎಂದನು.

ನಾವು ಒಮ್ಮೆ ಎಲ್ಲರ ಮುಖವನ್ನೂ ನೋಡಿದೆವು. ಮೊಮ್ಮಗಳು ಆಗಲೇ ತನ್ನ ಕಿತ್ತಳೆಬಣ್ಣದ ಜಾಕೆಟ್ಟನ್ನು ತೊಟ್ಟು, ಅದರ ಪಟ್ಟಿಯನ್ನು ಬಿಗಿಯಲು ಹೆಣಗುತ್ತಿದ್ದಳು. ಉತ್ತರ ನಮ್ಮ ಬಾಯಿಂದ ಹೊರಡಲಿಲ್ಲ. ಮನೆಯವರು ಪಕ್ಕಕ್ಕೆ ಬಂದು ಮೆಲ್ಲಗೆ, “ಹಾವೇರಿ ಮಂದಿದು ಸುದ್ದಿ ಓದಿ ಅವತ್ತು ಊಟ ಬಿಟ್ಟಿದ್ರಿ. ಈಗ ಯಾಕ ನೆನಪಾಗವಲ್ದು?” ಎಂದರು.

ಹೌದು, ಓದಿದ್ದೆವು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಅನೇಕರು ನಮ್ಮಂತೆಯೇ ಒಳನಾಡಿನವರು, ಹಾವೇರಿಯ ಕಡೆಯವರು. ದೋಣಿಯಲ್ಲಿ ಅಳತೆ ಮೀರಿ ಜನರಿದ್ದರು. ಮುಂದೆ 2023ರ ಮೇ 7ರ ಸಂಜೆ ಕೇರಳದ ತಾನೂರಿನಲ್ಲಿ ಕತ್ತಲಾದ ಮೇಲೆ ವಿಹಾರಕ್ಕೆ ಹೊರಟ ದೋಣಿ ಮುಳುಗಿ 22 ಜೀವ ಹೋದವು. ಅಲ್ಲಿಯೂ ಜನ ಕಿಕ್ಕಿರಿದಿದ್ದರು, ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಮತ್ತು ಮಕ್ಕಳು. ಇವರು ಯಾರೂ ಸಾಹಸಕ್ಕೆಂದು ಹೊರಟವರಲ್ಲ. ಎಲ್ಲರೂ ಕೂಡಿಯೇ ಹೋಗೋಣವೆಂದವರು ಅಷ್ಟೆ. ನಮ್ಮ ಸೀಮೆಯಲ್ಲಿ ಜಾತ್ರೆಗೆ ಹೊರಟ ಟಂಟಂ ಗಾಡಿಯಲ್ಲಿ ಹದಿನೈದು ಜನ ಕುಳಿತರೆ ಅದನ್ನು ಬಳಗದ ಪ್ರೀತಿಯೆನ್ನುತ್ತೇವೆ. ಟಂಟಂ ಕೆಟ್ಟರೆ ಇಳಿದು ನಡೆಯಬಹುದು. ದೋಣಿಯಲ್ಲಾದರೋ ಭಾರ ಹೆಚ್ಚಿದಷ್ಟೂ ಅಂಚು ನೀರಿಗೆ ಹತ್ತಿರವಾಗುವುದು. ಒಂದು ಬದಿಗೆ ಮೀನು ಕಂಡಿತೆಂದು ನಾಲ್ವರು ಎದ್ದು ವಾಲಿದರೆ ಸಾಕು, ಆ ಬದಿಯ ಅಂಚು ನೀರನ್ನು ಕುಡಿಯುವುದು.

ನಾಚಿಕೆಯ ಸಂಗತಿಯೆಂದರೆ, ನಾವು ಓದಿ ಮಕ್ಕಳಿಗೆ ಓದಿಸಿದ ಗ್ರಂಥಗಳು ತಾಂಡೇಲನ ಪಕ್ಷವನ್ನೇ ಹಿಡಿಯುತ್ತವೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವಿದೆ. ದೊಡ್ಡ ನೌಕೆಯಲ್ಲಿ ಒಡೆಯನಿರಬೇಕು, ಚುಕ್ಕಾಣಿಯವನಿರಬೇಕು, ಕುಡುಗೋಲು ಹಗ್ಗಗಳನ್ನು ಹಿಡಿಯುವವರಿರಬೇಕು, ಒಳಬಂದ ನೀರನ್ನು ಎತ್ತಿ ಚೆಲ್ಲುವವರಿರಬೇಕೆಂದು ಅಲ್ಲಿ ಹೇಳಿದೆ. ಆಳುಗಳಿಲ್ಲದೆಯೋ ಉಪಕರಣಗಳಿಲ್ಲದೆಯೋ ರಿಪೇರಿಯಿಲ್ಲದೆಯೋ ದೋಣಿ ಕೆಟ್ಟರೆ ಆದ ನಷ್ಟವನ್ನು ಆ ಅಧಿಕಾರಿಯೇ ತುಂಬಿಕೊಡತಕ್ಕದ್ದು. ಮನುವಾದರೋ ಎಂಟನೆಯ ಅಧ್ಯಾಯದಲ್ಲಿ ಹೊಳೆ ದಾಟಿಸುವ ಕೂಲಿಯನ್ನು ಬಂಡಿಗಿಷ್ಟು, ಮನುಷ್ಯನಿಗಿಷ್ಟು ಎಂದು ಗೊತ್ತುಪಡಿಸಿದವನು, ಸಮುದ್ರದ ಮಾತು ಬಂದಾಗ ಅಲ್ಲಿಗೆ ಇಂಥ ನಿಯಮವಿಲ್ಲವೆಂದು ಬಿಟ್ಟುಬಿಡುತ್ತಾನೆ. ನಾವಿಕರ ತಪ್ಪಿನಿಂದಾದ ಹಾನಿಯನ್ನು ನಾವಿಕರೇ ಕೊಡಬೇಕೆಂದೂ, ದೈವದಿಂದಾದುದಕ್ಕೆ ದಂಡವಿಲ್ಲವೆಂದೂ ವಿಂಗಡಿಸಿದ್ದಾನೆ. ಪ್ರಯಾಣಿಕನೇ ಹಟ ಹಿಡಿದು ಮಾಡಿಸಿದ ಹಾನಿ ಯಾರ ಪಾಲಿಗೆಂದು ಅಲ್ಲಿ ಪ್ರತ್ಯೇಕವಾಗಿ ಹೇಳಿಲ್ಲ. ಅಂಥ ಮಾಸ್ತರನೊಬ್ಬನು ಹುಟ್ಟಿಯಾನೆಂದು ಮನುವಿಗೂ ತೋರಿರಲಿಕ್ಕಿಲ್ಲ.

ಆದುದರಿಂದ ಕಾಗದ ಬರೆದ ಮಹನೀಯರಿಗೆ ನಮ್ಮ ಉತ್ತರ ಇಷ್ಟು. ದೋಣಿಯನ್ನು ಧಾರಾಳವಾಗಿ ಹಿಡಿಯಿರಿ. ಆದರೆ ಬಂದರಿನಲ್ಲಿ ಪರವಾನಗಿಯುಳ್ಳವರಿಂದಲೇ ಹಿಡಿಯಿರಿ. ದಾರಿಯಲ್ಲಿ ತೋಳು ಹಿಡಿದು, ಕಡಿಮೆಗೆ ಕೊಡಿಸುತ್ತೇನೆನ್ನುವವನ ಹಿಂದೆ ಹೋಗಬೇಡಿರಿ. ಹಣ ಎಣಿಸುವ ಮೊದಲು ಜಾಕೆಟ್ಟುಗಳನ್ನು ಎಣಿಸಿರಿ. ಮಕ್ಕಳ ಅಳತೆಯವು ಬೇರೆಯಾಗಿಯೇ ಇರಬೇಕು. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿನಲ್ಲಿ ಜಾಕೆಟ್ಟು ಮೇಲಕ್ಕೆ, ಮಗು ಕೆಳಕ್ಕೆ. ಹೋಗಿಬರುವುದಕ್ಕೆ ಸೇರಿ ಬಾಡಿಗೆ ಎಷ್ಟು, ದ್ವೀಪದಲ್ಲಿ ಎಷ್ಟು ಹೊತ್ತು ಕಾಯುವನು, ಗಾಳಿ ಎದ್ದು ಹೋಗಲಾಗದಿದ್ದರೆ ಹಣದ ಗತಿಯೇನು ಎಂಬುದನ್ನು ನೆಲದ ಮೇಲಿರುವಾಗಲೇ ಮಾತಾಡಿ ಮುಗಿಸಿರಿ. ಮಳೆಗಾಲದಲ್ಲಿ ಆ ದಾರಿಯೇ ಮುಚ್ಚಿರುತ್ತದೆ; ಮಿಕ್ಕ ದಿನಗಳಲ್ಲಿ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳಿರಿ. ರಾತ್ರಿ ತಂಪಾದ ನೆಲದಿಂದ ಕಡಲಿಗೆ ಬೀಸುವ ಗಾಳಿ ಮೆಲ್ಲನೆಯದು. ಬಿಸಿಲೇರಿ ನೆಲ ಕಾದ ಮೇಲೆ ಕಡಲಿನಿಂದ ಗಾಳಿ ತಿರುಗಿ, ಮಧ್ಯಾಹ್ನದ ಹೊತ್ತಿಗೆ ಅಲೆ ಏಳುತ್ತದೆ. ದ್ವೀಪದ ಬಂಡೆಗಳ ಅಂಚಿಗೆ ಫೋಟೋಕ್ಕೆಂದು ಯಾರನ್ನೂ ಕಳಿಸಬೇಡಿರಿ. 2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದ ಮೂವರು ವಿದ್ಯಾರ್ಥಿಗಳು ಅಲ್ಲಿಯೇ ನೀರುಪಾಲಾದರು.

ಇನ್ನು ನಮ್ಮ ಕಥೆಯ ಶೇಷ. ಬೀಗರು ಮುಖ ಬಿಗಿದು, ನೀವು ಮೊದಲು ಹೋಗಿಬನ್ನಿರಿ, ನಾವು ಎರಡನೆಯ ಸಲಕ್ಕೆ ಹೋಗುವೆವು ಎಂದರು. ಇನ್ನೂ ಮೂವರಿಗೆ ಜಾಗವಿದೆಯೆಂದು ಬೇಡಿಕೊಂಡರೂ ಬೀಗಿತಿಯರು ಕದಲಲಿಲ್ಲ. ಅವರನ್ನು ದಂಡೆಯಲ್ಲಿ ಬಿಟ್ಟು ಹೋಗುವುದು ನಮ್ಮಿಂದಾಗಲಿಲ್ಲ. “ಮುತ್ಯಾ, ನೀ ಬರಂಗಿಲ್ಲೇನು?” ಎಂದು ಮೊಮ್ಮಗಳು ಕೂಗುತ್ತಿದ್ದಂತೆಯೇ ದೋಣಿ ಹೊರಟಿತು. ಎಂಟು ಜನ ಹೋದರು, ನಾವು ಉಳಿದೆವು. ಹೀಗಾಗಿ ಆ ದ್ವೀಪವನ್ನು ನಾವು ಇಂದಿಗೂ ಕಂಡಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರು ನಮ್ಮ ಭೂಭಾಗದಿಂದ ಅಗಲುವ ಕಾಲದಲ್ಲಿ ಉಕ್ಕಿದ ಲಾವಾರಸವು ಆರಿ ಕಂಬಕಂಬವಾಗಿ ಸೀಳಿ ನಿಂತದ್ದೆಂದು ಪುಸ್ತಕದಿಂದ ಬಲ್ಲೆವು. ಬಸವಕಲ್ಯಾಣದ ಕೋಟೆಯ ಕರಿಗಲ್ಲೂ ಲಾವಾರಸವೇ, ಆದರೆ ಸುಮಾರು 6.6 ಕೋಟಿ ವರ್ಷದ್ದು, ಇದಕ್ಕೆ ತಮ್ಮನಾಗಬೇಕು. ಮೊಮ್ಮಗಳು ಮಾತ್ರ, ಅಂಗಡಿಯಲ್ಲಿ ಪೆನ್ಸಿಲಿನ ಕಟ್ಟುಗಳನ್ನು ನಿಲ್ಲಿಸಿದ ಹಾಗಿದೆ ಎಂದಳು; ಅದೇ ಚೆನ್ನಾಗಿ ಅರ್ಥವಾಯಿತು.

ದೋಣಿ ಮರಳುವಷ್ಟರಲ್ಲಿ ಮಧ್ಯಾಹ್ನ ಒಂದೂವರೆ. ತಾಂಡೇಲನು ನೀರಿನ ಕಡೆಗೆ ನೋಡಿ, ಇನ್ನು ಈ ದೋಣಿ ಇಂದು ಹೋಗದೆಂದನು. ಎರಡನೆಯ ಸಲಕ್ಕೆಂದು ಬೀಗರು ಕೊಟ್ಟ ಹಣವನ್ನು ಕೇಳುವ ಮೊದಲೇ ಅವರ ಕೈಯಲ್ಲಿಟ್ಟನು. ಮರುದಿನ ಬೆಳಿಗ್ಗೆಯೇ ಅವರು ಊರಿಗೆ ಮರಳಬೇಕಾಗಿತ್ತು. ಬೀಗರ ತಾಯಿ ದಂಡೆಯ ಮೇಲೆ ಕುಳಿತಲ್ಲಿಂದಲೇ ಕಡಲಿಗೆ ಕೈಮುಗಿದರು. ದಾರಿಯುದ್ದಕ್ಕೂ ಮಾತಿರಲಿಲ್ಲ. ಆಮೇಲೆ ಐದಾರು ತಿಂಗಳು ಫೋನೂ ಇರಲಿಲ್ಲ. ಮಗಳು ನಡುವೆ ಸಿಕ್ಕಿ ನೊಂದಳು. ನಮ್ಮಿಂದ ಮಾಡಲಾದದ್ದೇನೂ ಇರಲಿಲ್ಲ.

ಈ ವರ್ಷ ಹುಮನಾಬಾದಿನ ವೀರಭದ್ರೇಶ್ವರನ ಜಾತ್ರೆಗೆ ಹೋದಾಗ ಬೀಗರೇ ಕರೆದು ಕೂರಿಸಿ ಚಹಾ ಕೊಡಿಸಿದರು. ಬಹಳ ಹೊತ್ತು ಜೋಳದ ಧಾರಣೆಯ ಮಾತಾಡಿ, ಏಳುವಾಗ, ಆ ಹುಡುಗನ ನಂಬರು ಇನ್ನೂ ಇದೆಯೇ ಎಂದು ಕೇಳಿದರು. ಪಂಚಾಂಗದ ಬೆನ್ನಿಗೆ ಬರೆದಿಟ್ಟದ್ದನ್ನು ಓದಿ ಹೇಳಿದೆವು. “ಬೆಳಿಗ್ಗೆ ಎಂಟಕ್ಕೆಂದು ಹೇಳ್ರಿ ಮಾಸ್ತರ, ಅವ್ವನ್ನೂ ಕರ್ಕೊಂಡು ಬರ್ತೀವಿ. ಎರಡು ದೋಣಿ ಹೇಳ್ರಿ” ಎಂದರು.