ತೆರೆಯ ಮೇಲಿನ ದೆವ್ವವೂ ಮನೆಯೊಳಗಿನ ರೋಗಿಯೂ

ದೆವ್ವವು ಮನುಷ್ಯರ ಮೈಮೇಲೆ ಬರುವ ಕಥೆಯುಳ್ಳ ಚಲಚ್ಚಿತ್ರಗಳಿಗೆ ನಮ್ಮಲ್ಲಿ ಪ್ರೇಕ್ಷಕರ ಕೊರತೆಯು ಎಂದೂ ಆದದ್ದಿಲ್ಲ. ಹೆಚ್ಚು ಹಣವಿಲ್ಲದ ನಿರ್ಮಾಪಕರಿಗೂ ಇಂಥ ಕಥೆಗಳೆಂದರೆ ಬಲು ಪ್ರೀತಿ. ಪುರಾಣದ ಕಥೆಗೆ ಅರಮನೆಯೂ ಕಿರೀಟವೂ ಬೇಕು. ಯುದ್ಧದ ಕಥೆಗೆ ಆನೆ ಕುದುರೆಗಳು ಬೇಕು. ದೆವ್ವದ ಕಥೆಗಾದರೋ ಒಂದು ಹಳೆಯ ಮನೆ, ಗಾಳಿಗೆ ಆರುವ ಒಂದು ದೀಪ, ಕೂದಲು ಬಿಚ್ಚಿ ಕಣ್ಣರಳಿಸಬಲ್ಲ ಒಬ್ಬ ನಟಿ, ಇಷ್ಟಿದ್ದರೆ ಸಾಕು. ಈ ಚಿತ್ರಗಳು ಅಲ್ಪವೆಚ್ಚದಲ್ಲಿ ಹುಟ್ಟಿ, ನಾಲ್ಕು ದಿನ ಓಡಿ, ಹೆಸರಿಲ್ಲದೆ ಮರೆಯಾಗುತ್ತವೆ. ಆದರೆ ಚಿತ್ರವು ಮರೆತುಹೋದರೂ ಅದು ಕಲಿಸಿದ ಪಾಠವು ಮನೆಯಲ್ಲಿ ಉಳಿಯುವುದುಂಟು. ಆ ಪಾಠವನ್ನು ಕುರಿತದ್ದೇ ಈ ತಿಂಗಳ ವಿಚಾರ.

ಭಯವನ್ನು ಹುಟ್ಟಿಸುವ ಕುಶಲತೆಯನ್ನು ಮೊದಲು ನೋಡೋಣ. ‘ದಿ ಎಕ್ಸಾರ್ಸಿಸ್ಟ್’ ಎಂಬ ಲೋಕಪ್ರಸಿದ್ಧ ಚಿತ್ರವು 1973ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ಅದರಲ್ಲಿ ಪಿಶಾಚಿ ಹಿಡಿದ ಬಾಲಕಿಯ ಬಾಯಿಂದ ಹೊರಡುವ ಕರ್ಕಶವಾದ ಕಂಠವು ಆ ಬಾಲಕಿಯದಲ್ಲ, ಮರ್ಸಿಡಿಸ್ ಮೆಕ್‌ಕೇಂಬ್ರಿಜ್ ಎಂಬ ಹಿರಿಯ ನಟಿಯದು. ಉಸಿರು ಉಗಿಯಾಗಿ ಕಾಣಲೆಂದು ಯಂತ್ರಗಳಿಂದ ಕೋಣೆಯನ್ನೇ ಕೊರೆಯುವಷ್ಟು ತಣಿಸಿದ್ದರು. ಹಿಂದಕ್ಕೆ ತಿರುಗಿದ ತಲೆಯು ಬೊಂಬೆಯದು. ಅದರ ಯಶಸ್ಸನ್ನು ಕಂಡು ಮರುವರ್ಷವೇ ‘ಆ್ಯಬಿ’ ಎಂಬ ಅಲ್ಪವೆಚ್ಚದ ಚಿತ್ರವೊಂದು ಹೊರಟಿತು. ಇದು ತಮ್ಮದರ ನಕಲೆಂದು ವಾರ್ನರ್ ಸಂಸ್ಥೆಯವರು ವ್ಯಾಜ್ಯ ಹೂಡಲು, ಅದನ್ನು ಚಿತ್ರಮಂದಿರಗಳಿಂದ ಹಿಂದೆಗೆಯಬೇಕಾಯಿತು. ತೆರೆಯ ದೆವ್ವವನ್ನು ಓಡಿಸಲು ಮಂತ್ರವಾದಿಗಿಂತ ನ್ಯಾಯವಾದಿಯೇ ಸಮರ್ಥನೆಂದು ಇದರಿಂದ ತಿಳಿಯಬಹುದು.

ಕನ್ನಡದಲ್ಲಿ ಈ ಬಗೆಯ ಚಿತ್ರಗಳಲ್ಲಿ ನೆನಪಿನಲ್ಲುಳಿದದ್ದು 1979ರ ‘ನಾ ನಿನ್ನ ಬಿಡಲಾರೆ’. ಅನಂತನಾಗ್ ಅವರು ವಹಿಸಿದ ನಾಯಕನನ್ನು ಹೆಣ್ಣುದೆವ್ವವೊಂದು ಹಿಡಿಯುತ್ತದೆ. ಲಕ್ಷ್ಮಿಯವರು ವಹಿಸಿದ ಪತ್ನಿಯ ಭಕ್ತಿಯಿಂದಲೂ ರಾಘವೇಂದ್ರಸ್ವಾಮಿಗಳ ಅನುಗ್ರಹದಿಂದಲೂ ಅವನಿಗೆ ಬಿಡುಗಡೆಯಾಗುತ್ತದೆ. ಇದೇ ಕಥೆಯು 1981ರಲ್ಲಿ ‘ಮಂಗಳಸೂತ್ರ’ವೆಂಬ ಹೆಸರಿನಿಂದ ಹಿಂದಿಗೂ ಹೋಯಿತು. ಇಪ್ಪತ್ತೈದು ವರ್ಷಗಳ ಅನಂತರ, 2004ರಲ್ಲಿ, ‘ಆಪ್ತಮಿತ್ರ’ವು ಬಂದಿತು. ಇದರ ಮೂಲವು 1993ರ ಮಲೆಯಾಳ ಚಿತ್ರವಾದ ‘ಮಣಿಚಿತ್ರತ್ತಾಳ್’. ಇಲ್ಲಿ ಸೌಂದರ್ಯಾ ಅವರು ವಹಿಸಿದ ಗಂಗೆಗೆ ಹಿಡಿದದ್ದು ದೆವ್ವವಲ್ಲ, ಮನೋರೋಗ; ಅದನ್ನು ಕಂಡುಹಿಡಿಯುವವನು ವಿಷ್ಣುವರ್ಧನರು ವಹಿಸಿದ ಮನೋವೈದ್ಯ. ಒಂದು ಚಿತ್ರವು ದೆವ್ವವುಂಟೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ಆದರೂ ಎರಡರಲ್ಲಿಯೂ ಒಂದು ಸಾಮ್ಯವಿದೆ. ರೋಗಿಯನ್ನು ಪ್ರೀತಿಸುವವರು ಕಡೆಯತನಕ ಕೈಬಿಡುವುದಿಲ್ಲ. ಈ ಅಂಶವನ್ನು ಮನೆಗೆ ಕೊಂಡೊಯ್ದವರು ಕಡಮೆ. ಕಿರಿಚಾಟವನ್ನೂ ಬೇವಿನ ಸೊಪ್ಪನ್ನೂ ಕೊಂಡೊಯ್ದವರೇ ಹೆಚ್ಚು.

ಮನೆಯಲ್ಲಿ ಈ ಬಾಧೆಯು ಕಾಣಿಸಿಕೊಳ್ಳುವುದು ಹೇಗೆ? ಹೆರಿಗೆಯಾಗಿ ಹತ್ತು ಹದಿನೈದು ದಿನಗಳೊಳಗೆ ಬಾಣಂತಿಗೆ ನಿದ್ರೆ ಕೆಡುತ್ತದೆ. ಇಲ್ಲದ ಮಾತು ಕೇಳಿಸುತ್ತದೆ. ಹಡೆದ ಮಗುವನ್ನೇ ತನ್ನದಲ್ಲವೆನ್ನುತ್ತಾಳೆ. ನಮ್ಮ ಹಿರಿಯರು ಇದನ್ನು ಬಾಣಂತಿ ಸನ್ನಿಯೆಂದು ಕರೆದರು. ಸಾವಿರ ಹೆರಿಗೆಗಳಲ್ಲಿ ಒಂದೆರಡಕ್ಕೆ ಬರುವ ಈ ರೋಗವು ತಾಯಿಗೂ ಮಗುವಿಗೂ ಪ್ರಾಣಾಂತಿಕವಾಗಬಹುದು. ಬೇಗನೆ ಔಷಧ ದೊರೆತರೆ ಬಹುಮಟ್ಟಿಗೆ ಗುಣವಾಗುತ್ತದೆ. ಮೂರ್ಛೆರೋಗವನ್ನೂ ಜನರು ದೆವ್ವವೆನ್ನುವುದುಂಟು. ತರುಣಿಯರ ನಡತೆಯನ್ನು ಕೆಲವೇ ದಿನಗಳಲ್ಲಿ ಬದಲಿಸುವ ಮೆದುಳಿನ ಉರಿಯೂತವೊಂದನ್ನು ವೈದ್ಯರು 2007ರಲ್ಲಿ ಗುರುತಿಸಿದರು, ಅದಕ್ಕೂ ಚಿಕಿತ್ಸೆಯಿದೆ.

ಇನ್ನೊಂದು ಬಗೆಯೂ ಉಂಟು. ಸೊಸೆಯ ಮಾತಿಗೆ ಕಿವಿಗೊಡದ ಮನೆಯು ದೆವ್ವದ ಮಾತಿಗೆ ಕಿವಿಗೊಡುತ್ತದೆ. ಹಗಲಿರುಳು ದುಡಿದು, ಬೈಗುಳ ತಿಂದು, ತವರಿನ ದಾರಿಯನ್ನೂ ಕಾಣದವಳು ‘ನನಗೆ ತಡೆಯಲಾಗದು’ ಎಂದರೆ ಯಾರೂ ಕೇಳರು. ಅವಳ ಬಾಯಿಂದ ಮತ್ತೊಬ್ಬಳು ಅದನ್ನೇ ಕೂಗಿದರೆ ಮಾವನೂ ಕೈಮುಗಿದು ನಿಲ್ಲುತ್ತಾನೆ. ಇದು ಕಪಟವೆಂದು ತಿಳಿಯಬಾರದು. ನೊಂದ ಮನಸ್ಸು ತನಗೆ ಅರಿವಿಲ್ಲದೆಯೇ ಈ ದಾರಿಯನ್ನು ಹಿಡಿಯುತ್ತದೆ.

ಕಲಬುರಗಿ ಜಿಲ್ಲೆಯವರಿಗೆ ಈ ಸಂಗತಿಯು ಹೊಸತಲ್ಲ. ಅಫಜಲಪುರ ತಾಲೂಕಿನ ಗಾಣಗಾಪುರದ ದತ್ತಸನ್ನಿಧಿಯಲ್ಲಿ ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಬಾಧೆಗೊಳಗಾದವರು ಕಂಬಗಳನ್ನು ಹಿಡಿದು ಕೂಗುವುದನ್ನು ಕಂಡವರು ಅನೇಕರು. ಅದೇ ಜಿಲ್ಲೆಯ ಮುಖ್ಯ ಪಟ್ಟಣದಲ್ಲಿ ಶರಣಬಸವೇಶ್ವರರ ದೇವಸ್ಥಾನವಿದೆ. ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ 1822ರಲ್ಲಿ ಲಿಂಗೈಕ್ಯರಾದ ಈ ಶರಣರು ಹೆಸರಾದದ್ದು ದಾಸೋಹದಿಂದ. ಬಂದವನ ಜಾತಿಯನ್ನು ಕೇಳದೆ ಉಣಬಡಿಸುವುದೇ ಅವರ ಪೂಜೆಯಾಗಿತ್ತು. ಹೋಳಿಯ ಬಳಿಕ ನಡೆಯುವ ಅವರ ರಥೋತ್ಸವಕ್ಕೆ ಸುತ್ತಣ ಹಳ್ಳಿಗಳೆಲ್ಲ ನೆರೆಯುತ್ತವೆ. ಹಸಿದವನಿಗೆ ಅನ್ನವಿಕ್ಕಿದ ಶರಣರ ಹೆಸರಿಗೆ ಕೈಮುಗಿದು ಬಂದ ಗೃಹಸ್ಥನು, ಮನೆಯಲ್ಲಿ ರೋಗಿಯನ್ನು ಉಪವಾಸ ಕೆಡಹಿ, ಮೂಗಿಗೆ ಮೆಣಸಿನಕಾಯಿಯ ಹೊಗೆ ಹಾಕಿಸಿ, ಬರಲಿನಿಂದ ಹೊಡೆಯಿಸಿದರೆ ಆ ಯಾತ್ರೆಯ ಫಲವೇನು? ಏಟು ಬೀಳುವುದು ದೆವ್ವಕ್ಕಲ್ಲ, ತನ್ನ ಮನೆಯ ಹೆಣ್ಣುಮಗಳಿಗೆ.

ರಾಜ್ಯದ ಕಾನೂನೂ ಇದನ್ನೇ ಹೇಳುತ್ತದೆ. ಅಮಾನುಷ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ 2017ರ ಕರ್ನಾಟಕದ ಕಾಯಿದೆಯು 2020ರಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆಪದಿಂದ ಕಟ್ಟುವುದೂ ಹೊಡೆಯುವುದೂ ಅದರಂತೆ ಅಪರಾಧ. ಏಳು ವರ್ಷದವರೆಗೆ ಸೆರೆವಾಸವಾಗಬಹುದು. ಪ್ರದಕ್ಷಿಣೆ, ಯಾತ್ರೆ, ಭಜನೆ, ಕೀರ್ತನೆಗಳಿಗೆ ಅದರಿಂದ ಅಡ್ಡಿಯಿಲ್ಲ. ಮನೋರೋಗಿಯನ್ನು ಸಂಕೋಲೆಯಿಂದ ಬಂಧಿಸಬಾರದೆಂದು 2017ರ ಕೇಂದ್ರ ಕಾಯಿದೆಯೂ ವಿಧಿಸಿದೆ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸಂಕೋಲೆಯಲ್ಲಿದ್ದ 28 ರೋಗಿಗಳು ಓಡಲಾರದೆ ಸತ್ತದ್ದನ್ನು ಯಾರೂ ಮರೆಯಬಾರದು.

ಆದಕಾರಣ ವಾಚಕರಲ್ಲಿ ವಿಜ್ಞಾಪನೆಯಿಷ್ಟು. ಮನೆಯವರ ನಡೆನುಡಿಯು ಇದ್ದಕ್ಕಿದ್ದಂತೆ ಬದಲಾದರೆ, ಅವರು ನಿದ್ರೆ ಮಾಡಿದರೇ, ಉಂಡರೇ, ಜ್ವರವಿದೆಯೇ, ಯಾರಾದರೂ ನೋಯಿಸಿದರೇ ಎಂಬುದನ್ನು ಮೊದಲು ವಿಚಾರಿಸಿರಿ. ತಡಮಾಡದೆ ಜಿಲ್ಲಾ ಆಸ್ಪತ್ರೆಯ ವೈದ್ಯರಿಗೆ ತೋರಿಸಿರಿ. ಏನೂ ತೋಚದಿದ್ದರೆ, 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರದ ಉಚಿತ ದೂರವಾಣಿ 14416ಕ್ಕೆ ಮಾತನಾಡಿರಿ. ಬಾಣಂತಿಯನ್ನೂ ಕೂಸನ್ನೂ ಅಂಥ ಹೊತ್ತಿನಲ್ಲಿ ಒಂಟಿಯಾಗಿ ಬಿಡಬೇಡಿರಿ. ದೇವರಿಗೆ ಹರಕೆ ಹೊರುವವರು ಹೊರಲಿ. ಔಷಧವನ್ನು ಮಾತ್ರ ನಿಲ್ಲಿಸದಿರಲಿ. ಚಿತ್ರದ ದೆವ್ವವು ಮೂರು ತಾಸಿನಲ್ಲಿ ಬಿಟ್ಟುಹೋಗುತ್ತದೆ. ಮನೆಯ ರೋಗಿಗೆ ಮೂರು ತಿಂಗಳು ಬೇಕಾಗಬಹುದು, ಮೂರು ವರ್ಷವೂ ಬೇಕಾಗಬಹುದು. ಅಷ್ಟು ದಿನವೂ ಹೊತ್ತಿಗೆ ಸರಿಯಾಗಿ ಅವರ ಮುಂದೆ ಅನ್ನದ ತಟ್ಟೆಯನ್ನಿಟ್ಟು ಹತ್ತಿರ ಕುಳಿತುಕೊಳ್ಳುವವರು ಒಬ್ಬರಾದರೂ ಮನೆಯಲ್ಲಿರಬೇಕು.